ಹಿತ್ತಾಳೆಯಲ್ಲಿನ ತಾಮ್ರ: ಒಂದು ಪ್ರಯೋಗದ ಯೋಜನೆ

ಶಾಲೆಯ ರಸಾಯನಶಾಸ್ತ್ರ ಪ್ರಯೋಗಗಳಲ್ಲಿ ಉತ್ತರವು ಮೊದಲೇ ತಿಳಿದಿರುವುದುಂಟು. ಅದರಿಂದ ವಿದ್ಯಾರ್ಥಿಯ ಕೈ ಪಳಗೀತು. ವಿವೇಚನೆ ಪಳಗುವುದು ವಿರಳ. ಮಿಶ್ರಲೋಹವೊಂದರಲ್ಲಿನ ಲೋಹದ ಪ್ರಮಾಣವನ್ನು ಅಳೆಯುವ ಪ್ರಯೋಗವನ್ನು ವಿದ್ಯಾರ್ಥಿಗಳೇ ಯೋಜಿಸುವಂತಾದರೆ ಈ ಕೊರತೆ ನೀಗುತ್ತದೆ. ಮನೆಮನೆಗೂ ಪರಿಚಿತವಾದ ಹಿತ್ತಾಳೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ವಿಧಾನದ ಆಯ್ಕೆ: ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸತುವನ್ನು ಕರಗಿಸಿ, ಉಳಿದ ತಾಮ್ರವನ್ನು ತೂಗಬಾರದೇಕೆ ಎಂದು ವಿದ್ಯಾರ್ಥಿ ಕೇಳುವುದು ಸಹಜ. ಆದರೆ ಸತುವಿನ ಪರಮಾಣುಗಳು ತಾಮ್ರದ ನಡುವೆ ಹುದುಗಿರುವುದರಿಂದ ಆಮ್ಲವು ಅವೆಲ್ಲವನ್ನೂ ತಲುಪಲಾರದು. ಆದುದರಿಂದ ಲೋಹವನ್ನು ಸಂಪೂರ್ಣವಾಗಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅನುಮಾಪನ ಮಾಡುವುದು ಯುಕ್ತ. ಆಗ ಹೊಮ್ಮುವ ಕಂದುಬಣ್ಣದ ಅನಿಲವು ವಿಷಕಾರಿ. ಈ ಹಂತವನ್ನು ಅಧ್ಯಾಪಕರೇ ಹೊಗೆಗೂಡಿನಲ್ಲಿ ನೆರವೇರಿಸಬೇಕು.

ತತ್ತ್ವ: ತಾಮ್ರದ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡನ್ನು ಹೆಚ್ಚಾಗಿ ಬೆರೆಸಿದರೆ ಅಯೊಡೀನ್ ಬಿಡುಗಡೆಯಾಗುತ್ತದೆ. ಅದನ್ನು ಸೋಡಿಯಂ ಥಯೋಸಲ್ಫೇಟಿನಿಂದ ಅಳೆಯಬಹುದು. 0.1 ಮೋಲಾರ್ ಥಯೋಸಲ್ಫೇಟಿನ 1 ಮಿಲಿಲೀಟರ್ 6.355 ಮಿಲಿಗ್ರಾಂ ತಾಮ್ರಕ್ಕೆ ಸಮ.

ಎಚ್ಚರಿಕೆಗಳು: ನೈಟ್ರಜನ್ನಿನ ಆಕ್ಸೈಡುಗಳು ಉಳಿದರೆ ಅವೂ ಅಯೊಡೀನನ್ನು ಬಿಡುಗಡೆ ಮಾಡಿ ತಾಮ್ರವನ್ನು ಹೆಚ್ಚಾಗಿ ತೋರಿಸುತ್ತವೆ, ಚೆನ್ನಾಗಿ ಕುದಿಸಿ ಅವನ್ನು ನೀಗಬೇಕು. ಬಳಿಕ ಸೋಡಿಯಂ ಕಾರ್ಬೊನೇಟನ್ನು ತುಸು ಗಷ್ಟು ಕಾಣುವವರೆಗೆ ಬೆರೆಸಿ, ಆ ಗಷ್ಟನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಬೇಕು. ಅಯೊಡೀನಿನ ಬಣ್ಣ ತಿಳಿಹಳದಿಗೆ ಇಳಿದ ಮೇಲೆಯೇ ಪಿಷ್ಟದ ದ್ರಾವಣವನ್ನು ಸೇರಿಸತಕ್ಕದ್ದು. ಥಯೋಸಲ್ಫೇಟಿನ ಪ್ರಬಲತೆಯನ್ನು ಶುದ್ಧ ತಾಮ್ರದ ತಂತಿಯಿಂದ ಇದೇ ಕ್ರಮದಲ್ಲಿ ನಿರ್ಧರಿಸಿದರೆ ವಿಧಾನದ ದೋಷಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ.

ಲೆಕ್ಕ: 2.50 ಗ್ರಾಂ ಹಿತ್ತಾಳೆಯನ್ನು ಕರಗಿಸಿ 250 ಮಿಲಿಲೀಟರಿಗೆ ತುಂಬಿಸಿದೆವೆನ್ನೋಣ. ಅದರ 25 ಮಿಲಿಲೀಟರಿಗೆ 27.5 ಮಿಲಿಲೀಟರ್ ಥಯೋಸಲ್ಫೇಟ್ ವ್ಯಯವಾದರೆ ತಾಮ್ರವು 174.8 ಮಿಲಿಗ್ರಾಂ, ಎಂದರೆ 250 ಮಿಲಿಗ್ರಾಂ ಹಿತ್ತಾಳೆಯಲ್ಲಿ ಶೇಕಡಾ 69.9. ಬ್ಯೂರೆಟ್ಟಿನ ಎರಡು ಓದುಗಳಲ್ಲಿ ಒಟ್ಟು 0.1 ಮಿಲಿಲೀಟರಿನ ಸಂದೇಹವಿದ್ದರೆ ಉತ್ತರದಲ್ಲಿ ಸುಮಾರು 0.25ರಷ್ಟು ವ್ಯತ್ಯಾಸ ಸಂಭವ. ಆದಕಾರಣ 69.92 ಎಂದು ಬರೆಯುವುದು ನಿಖರತೆಯಲ್ಲ, ಅದರ ಸೋಗು.

ಬೀದರಿನ ಬಿದರಿ ಲೋಹದಲ್ಲಿ ಸತುವೇ ಪ್ರಧಾನ, ತಾಮ್ರ ಅತ್ಯಲ್ಪ. ಅದಕ್ಕೆ ಇದೇ ತೂಕ ಸಾಕೇ ಎಂಬ ಪ್ರಶ್ನೆಯನ್ನು ತರಗತಿಯ ಮುಂದಿಡಬಹುದು. ಸಾಲದೆಂದು ಲೆಕ್ಕ ಹಾಕಿ ತೋರಿಸಬಲ್ಲ ವಿದ್ಯಾರ್ಥಿಯು ಪ್ರಯೋಗದ ಮರ್ಮವನ್ನು ಅರಿತಿದ್ದಾನೆಂದು ಅಧ್ಯಾಪಕರು ನಿಶ್ಚಿಂತೆಯಿಂದ ನಂಬಬಹುದು.