ಇಂದಿನ ಧಮ್ಮ ಚಿಂತನೆ: ಸಾಕು ಎನ್ನುವ ಅಳತೆ





ಈ ವಾರ ನಮ್ಮ ಅಧ್ಯಯನದ ವಿಷಯ ‘ಸಂತುಟ್ಠಿ’. ಪಾಲಿಯ ಈ ಮಾತಿಗೆ ಕನ್ನಡದಲ್ಲಿ ಸಂತುಷ್ಟಿ, ತೃಪ್ತಿ ಎನ್ನುತ್ತೇವೆ. ಅಂಗುತ್ತರ ನಿಕಾಯದ ಅರಿಯವಂಸ ಸುತ್ತದಲ್ಲಿ ಬುದ್ಧರು ನಾಲ್ಕು ಸಂಗತಿ ಹೇಳುತ್ತಾರೆ. ಸಿಕ್ಕಿದ ಉಡುಗೆಯಲ್ಲಿ ತೃಪ್ತಿ, ಸಿಕ್ಕಿದ ಊಟದಲ್ಲಿ ತೃಪ್ತಿ, ಸಿಕ್ಕಿದ ನೆಲೆಯಲ್ಲಿ ತೃಪ್ತಿ. ನಾಲ್ಕನೆಯದು ಭಾವನೆಯಲ್ಲಿ ಆನಂದ, ಅಂದರೆ ಒಳ್ಳೆಯದನ್ನು ಬೆಳೆಸುವುದರಲ್ಲಿ ಮತ್ತು ಬಿಡಬೇಕಾದ್ದನ್ನು ಬಿಡುವುದರಲ್ಲಿ ಸಂತೋಷ.

ಇದು ಭಿಕ್ಖುಗಳಿಗೆ ಹೇಳಿದ ಮಾತು. ಮನೆ, ಮಕ್ಕಳು, ತೋಟ ಇರುವ ನಮಗೆ ಇದು ಹೇಗೆ ಒದಗುತ್ತದೆ ಎಂದು ಗುಂಪಿನಲ್ಲಿ ಕೆಲವರು ಕೇಳಿದ್ದರು. ನನಗೆ ತಿಳಿದಷ್ಟನ್ನು ನಮ್ಮ ನಡಿಗೆಯ ಮೂಲಕವೇ ಹೇಳುತ್ತೇನೆ.

ನಾನು ಮತ್ತು ನಮ್ಮನೆಯವರು 2012ರಿಂದ ಯುಗಾದಿಯ ಹಿಂದೆಮುಂದೆ ಮೂರು ನಾಲ್ಕು ದಿನ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯಲು ಹೋಗುತ್ತಿದ್ದೆವು. ದೂರದ ಹಿಮಾಲಯಕ್ಕಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಒಳಗೇ. ಮೂರನ್ನೂ ಒಂದು ದಾರದಲ್ಲಿ ಪೋಣಿಸಿದವಳು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಸಣ್ಣ ಕೊಳವಾಗಿ ಹುಟ್ಟಿ, ಹೊಸನಗರ ಸೀಮೆ ದಾಟಿ, ಲಿಂಗನಮಕ್ಕಿ ಹಿನ್ನೀರಾಗಿ ಹರಡಿಕೊಂಡು, ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಒಂದು ವರ್ಷ ಅಂಬುತೀರ್ಥದ ಕಡೆ, ಇನ್ನೊಂದು ವರ್ಷ ಕವಲೇದುರ್ಗ, ಮತ್ತೊಂದು ವರ್ಷ ನಗರದ ಕೋಟೆ ಮತ್ತು ದೇವಗಂಗೆಯ ಕೊಳಗಳು, ಮಗದೊಂದು ವರ್ಷ ಇಕ್ಕೇರಿ, ವರದಾಮೂಲ. ಹೀಗೆ ತುಂಡು ತುಂಡಾಗಿ ನಡೆದೆವು. ಬೆಳಗ್ಗೆ ಆರಕ್ಕೆ ಹೊರಟರೆ ಹನ್ನೊಂದರ ಬಿಸಿಲಿಗೆ ಮುಂಚೆ ಎಲ್ಲಾದರೂ ನೆರಳು ಹಿಡಿಯುವುದು, ಸಂಜೆ ಮತ್ತೆ ಎರಡು ಗಂಟೆ ನಡೆಯುವುದು. ಇಷ್ಟೇ ನಮ್ಮ ನಿಯಮ.

*1. ಉಡುಗೆ: ತಕ್ಕಡಿ ಹೇಳಿಕೊಟ್ಟದ್ದು*

ಮೊದಲ ವರ್ಷ ಹೊರಡುವ ಹಿಂದಿನ ರಾತ್ರಿ ಅಡಿಕೆ ತೂಗುವ ತಕ್ಕಡಿಯಲ್ಲಿ ಚೀಲಗಳನ್ನು ತೂಗಿದೆವು. ಎರಡೂ ಸೇರಿ 19 ಕೆ.ಜಿ. ಬಂತು. ವಾಪಸು ಬಂದ ಮೇಲೆ ನಮ್ಮನೆಯವರು ಜಗುಲಿಯ ಮೇಲೆ ಎಲ್ಲವನ್ನೂ ಹರವಿ, ದಾರಿಯಲ್ಲಿ ಕೈಗೇ ಬಾರದ ಸಾಮಾನುಗಳನ್ನು ಬೇರೆ ಇಟ್ಟರು. ಮರುವರ್ಷ ತೂಕ 14ಕ್ಕೆ ಇಳಿಯಿತು, ಆಮೇಲೆ 9ಕ್ಕೆ. ಅಲ್ಲಿಗೆ ನಿಂತಿತು. ಯಾಕೆಂದರೆ ಉಳಿದದ್ದೆಲ್ಲ ಬೇಕಾದದ್ದೇ: ಒಂದು ಜೊತೆ ಬದಲಿ ಬಟ್ಟೆ, ಹೊದಿಕೆ, ಟಾರ್ಚು, ಔಷಧಿ ಪೊಟ್ಟಣ, ಸೂಜಿದಾರ, ನೀರು.

ಭಿಕ್ಖುವಿಗೆ ಎಂಟು ವಸ್ತುಗಳಿಗೆ ಅನುಮತಿ ಇದೆ. ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಈ ಪಟ್ಟಿಯನ್ನು ಎರಡು ಕಡೆಯಿಂದ ಓದಬೇಕು. ಎಷ್ಟು ಕಡಿಮೆ ಎನ್ನುವುದು ಒಂದು ಕಡೆ. ಸೂಜಿಯನ್ನು ಬಿಟ್ಟಿಲ್ಲ ಎನ್ನುವುದು ಇನ್ನೊಂದು ಕಡೆ. ಹರಿದರೆ ಹೊಲಿಯಬೇಕು, ನೀರಿನೊಳಗಿನ ಜೀವಿಗೆ ಹಾನಿಯಾಗದಂತೆ ಸೋಸಿ ಕುಡಿಯಬೇಕು. ದೀಘ ನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಬುದ್ಧರು ತೃಪ್ತನಾದ ಭಿಕ್ಖುವನ್ನು ಹಕ್ಕಿಗೆ ಹೋಲಿಸುತ್ತಾರೆ. ಅದು ಎಲ್ಲಿಗೆ ಹಾರಿದರೂ ಹೊರುವುದು ತನ್ನ ರೆಕ್ಕೆಯನ್ನಷ್ಟೇ. ಹಾಗೆಂದು ಹಗುರವಾಗಲಿ ಅಂತ ಹಕ್ಕಿ ರೆಕ್ಕೆಯನ್ನು ಕಿತ್ತು ಎಸೆಯುವುದಿಲ್ಲವಲ್ಲ! ತೃಪ್ತಿ ಎಂದರೆ ಇಲ್ಲದಂತೆ ಬದುಕುವುದಲ್ಲ. ಯಾವುದು ರೆಕ್ಕೆ, ಯಾವುದು ಹೊರೆ ಎಂದು ಗೊತ್ತಿರುವುದು.

*2. ಊಟ: ಸುಲಭದ ಅತಿಥಿ*

ನಮ್ಮ ಬುತ್ತಿ ಎಂದರೆ ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಹಳೆಯ ಮಿಡಿ ಉಪ್ಪಿನಕಾಯಿ. ಆದರೆ ಮಲೆನಾಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ನೀರು ಕೇಳಿದವರನ್ನು ಬರೀ ನೀರು ಕೊಟ್ಟು ಕಳಿಸುವುದಿಲ್ಲ. ಮೊದಲು ಬೆಲ್ಲ ನೀರು, ಆಮೇಲೆ “ಉಂಡ್ಕಂಡೇ ಹೋಗಿ” ಎನ್ನುವ ಒತ್ತಾಯ. ಆ ಕಾಲಕ್ಕೆ ಗುಜ್ಜೆ ಪಲ್ಯ, ಅಪ್ಪೆಹುಳಿ, ಮಜ್ಜಿಗೆ ಎಲ್ಲ ಮನೆಯಲ್ಲೂ ಇರುತ್ತದೆ.

ಹೊಸನಗರ ತಾಲ್ಲೂಕಿನ ಒಂದು ಸಣ್ಣ ಮನೆಯಲ್ಲಿ ಆ ದಿನ ಇದ್ದದ್ದು ಗಂಜಿ ಮತ್ತು ಚಟ್ನಿ. ಬಡಿಸುವಾಗ ಆ ಅಮ್ಮನಿಗೆ ಸಂಕೋಚ. ನಮ್ಮನೆಯವರು ಉಂಡು, “ಇನ್ನೊಂದು ಸೌಟು ಹಾಕಿ ಅಮ್ಮಾ” ಎಂದರು. ಆಕೆಯ ಮುಖದ ಬಿಗಿ ಸಡಿಲಿತು. ಬುದ್ಧರ ಉಪದೇಶದಲ್ಲಿ ‘ಸುಭರ’ ಎಂಬ ಮಾತು ಬರುತ್ತದೆ. ಪೋಷಿಸಲು ಸುಲಭವಾದವರು ಎಂದರ್ಥ. ನಮ್ಮ ತೃಪ್ತಿ ನಮ್ಮೊಬ್ಬರ ಗುಣವೆಂದು ತಿಳಿಯುತ್ತೇವೆ. ಅದು ಕೊಡುವವರಿಗೆ ನಾವು ತಿರುಗಿ ಕೊಡುವ ದಾನವೂ ಹೌದು. ಇದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ದಿನಾ ನಮ್ಮದೇ ಅಡುಗೆಮನೆಯಲ್ಲಿ ಅಭ್ಯಾಸ ಮಾಡಬಹುದು.

*3. ನೆಲೆ: ಕಾಡು ನಮ್ಮದಲ್ಲ*

ಮಲಗುವುದಕ್ಕೆ ಶಾಲೆಯ ಜಗುಲಿ, ಹೊಂಬುಜದಲ್ಲಿ ಯಾತ್ರಿಕರ ಕೋಣೆ, ಪರಿಚಯದವರ ಅಟ್ಟ. ಕೇಳಿ, ಒಪ್ಪಿಗೆ ಸಿಕ್ಕಿದ ಕಡೆ ಮಾತ್ರ. ಕಾಡಿನೊಳಗೆ ಯಾವತ್ತೂ ಮಲಗಲಿಲ್ಲ. ಅದಕ್ಕೆ ಕಾರಣವಿದೆ. ನಮಗೆ ವಸಂತ ಎಂದರೆ ಮಾವಿನ ಚಿಗುರು, ಮುತ್ತುಗದ ಕೆಂಪು, ಸುರಗಿಯ ಪರಿಮಳ. ಅದೇ ತಿಂಗಳುಗಳು ಮಂಗನ ಕಾಯಿಲೆಯವೂ ಹೌದು. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು ಕಚ್ಚುವುದರಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಜೀವ ತೆಗೆಯಿತು. ಆ ವರ್ಷ ನಾವು ಚೀಲ ಕಟ್ಟಲಿಲ್ಲ. ಉಳಿದ ವರ್ಷಗಳಲ್ಲೂ ತರಗೆಲೆಯ ದಾರಿ ಬಿಟ್ಟು ಊರ ರಸ್ತೆ ಹಿಡಿದೆವು. ಎಲ್ಲಿಗೆ ಹೋಗಬಾರದು ಎಂದು ತಿಳಿಯುವುದೂ ಅಪ್ಪಮಾದವೇ, ಎಚ್ಚರವೇ.

ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಮೇಲೆ ಕೂತರೆ ಮೊಳದುದ್ದದ ಮೀನುಗಳು ಕಾಲಿನ ಹತ್ತಿರವೇ ಬರುತ್ತವೆ. ಬೇಡದ್ದನ್ನು ಮುಟ್ಟದೆ ಬಿಟ್ಟರೆ ಭಯ ಎಷ್ಟು ಬೇಗ ಹೋಗುತ್ತದೆ ಎನ್ನುವುದಕ್ಕೆ ಅಷ್ಟು ಸರಳ ಉದಾಹರಣೆ ನಾನು ಬೇರೆ ಕಂಡಿಲ್ಲ.

*ಅಳತೆ ನಮ್ಮ ಚೀಲಕ್ಕೆ ಮಾತ್ರ*

ಅರಿಯವಂಸ ಸುತ್ತದಲ್ಲಿ ನಾವು ಓದಿ ದಾಟಿಬಿಡುವ ಒಂದು ಎಚ್ಚರಿಕೆ ಇದೆ. ತೃಪ್ತನಾದವನು ಅದೇ ಕಾರಣಕ್ಕೆ ತನ್ನನ್ನು ಹೊಗಳಿಕೊಳ್ಳುವುದಿಲ್ಲ, ಇತರರನ್ನು ಹಳಿಯುವುದಿಲ್ಲ.

ಇದರ ಅರ್ಥ ನನಗೆ ಸ್ಪಷ್ಟವಾದದ್ದು ಹೊಳೆಬಾಗಿಲಿನಲ್ಲಿ. ತುಮರಿ ಕಡೆಗೆ ಹಿನ್ನೀರು ದಾಟಲು ದಶಕಗಳ ಕಾಲ ಇದ್ದದ್ದು ಲಾಂಚ್ ಒಂದೇ. ಚೀಲ ಇಳಿಸಿ, ನೀರು ನೋಡುತ್ತಾ ಕಾಯುವುದು ನಮಗೆ ಸುಖ. ಪಕ್ಕದಲ್ಲಿ ನಿಂತಿದ್ದ ಆ ಕಡೆಯ ಹೆಂಗಸು ಹೇಳಿದ್ದು ಬೇರೆ: “ನಿಮಗೆ ಚಂದ ಕಾಣ್ತದೆ. ರಾತ್ರಿ ಹೆರಿಗೆ ನೋವು ಬಂದ್ರೆ ಲಾಂಚ್ ಇಲ್ಲ.” 2025ರ ಜುಲೈಯಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಲಾಂಚ್ ಪ್ರಯಾಣದ ಚೆಂದ ಹೋಯಿತು ಎಂದು ಮರುಗುವವರು ಆ ಮಾತನ್ನೂ ಕೇಳಬೇಕು.

ಅದೇ ನೀರಿನ ಅಡಿಯಲ್ಲಿ ಊರುಗಳಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆ, ಗದ್ದೆ, ತೋಟ ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಆ ಜನರಲ್ಲಿ ಅನೇಕರಿಗೆ, ಪುನರ್ವಸತಿಯಾದ ಜಾಗದ ಹಕ್ಕುಪತ್ರಕ್ಕಾಗಿ ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ಅಲೆಯಬೇಕಾಯಿತು. ಅವರೂ ಹೊರಲು ಆಗುವಷ್ಟನ್ನೇ ಹೊತ್ತುಕೊಂಡು ನಡೆದವರು. ನಾವೂ ಹೊರಲು ಆಗುವಷ್ಟನ್ನೇ ಹೊತ್ತು ನಡೆಯುತ್ತೇವೆ. ಎರಡೂ ಒಂದೇ ಅಲ್ಲ. ನಮಗೆ ನಾಲ್ಕನೆಯ ದಿನ ವಾಪಸು ಬರಲು ಮನೆ ಇದೆ. ಆದ್ದರಿಂದ ‘ಇಷ್ಟು ಸಾಕು’ ಎನ್ನುವ ಮಾತನ್ನು ನನಗೆ ನಾನು ಹೇಳಿಕೊಳ್ಳಬಹುದು, ಕಳೆದುಕೊಂಡವರಿಗೆ ಹೇಳಬಾರದು. ಅವರ ಜೊತೆ ನಿಂತು ‘ಇದು ಸಾಲದು’ ಎನ್ನುವುದೇ ಅಲ್ಲಿ ಧಮ್ಮ.

*4. ನಾಲ್ಕನೆಯದು: ನಡಿಗೆ ನಿಂತ ಮೇಲೆ*

ಮೊದಲ ಮೂರು ತೃಪ್ತಿ ದಾರಿಯಲ್ಲಿ ಕಲಿಯಬಹುದು. ನಾಲ್ಕನೆಯದಕ್ಕೆ ನಮಗೆ ಮನೆಯೇ ಪಾಠಶಾಲೆಯಾಗಿದೆ. ಕಳೆದ ದೀಪಾವಳಿ ಹೊತ್ತಿಗೆ ನಮ್ಮನೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಬಲಗೈ ನಡುಗುತ್ತದೆ, ಹೆಜ್ಜೆ ಚಿಕ್ಕದಾಗಿದೆ. ಈ ಯುಗಾದಿಗೆ ಚೀಲಗಳು ಗೂಟದಲ್ಲೇ ಇದ್ದವು. “ನೀನೊಬ್ಳೇ ಹೋಗಿ ಬಾ ಮಾರಾಯ್ತಿ, ನನ್ನ ಸಲುವಾಗಿ ಕೂರಬೇಡ” ಎಂದರು. ಹೋಗಬೇಕು ಎನಿಸಿದ ದಿನ ಹೋಗುತ್ತೇನೆ ಎಂದೆ.

ಅವರ ನಿಜವಾದ ಚಿಂತೆ ನಡಿಗೆಯದಲ್ಲ. ರಾತ್ರಿ ನಿದ್ದೆ ಬಾರದಿದ್ದಾಗ ಒಂದೊಂದಾಗಿ ಹೊರಗೆ ಬಂತು. ತಾನು ಮಲಗಿಬಿಟ್ಟರೆ ಇವಳೊಬ್ಬಳೇ ಏನು ಮಾಡುತ್ತಾಳೆ, ತೋಟ ಯಾರು ನೋಡುತ್ತಾರೆ, ಮಗಳು ದೂರದ ಊರಿನಲ್ಲಿದ್ದಾಳೆ.

ಅಂಗುತ್ತರ ನಿಕಾಯದಲ್ಲಿ ನಕುಲಪಿತಾ, ನಕುಲಮಾತಾ ಎಂಬ ಗೃಹಸ್ಥ ದಂಪತಿ ಬರುತ್ತಾರೆ. ಭಗ್ಗರ ನಾಡಿನ ಸುಂಸುಮಾರಗಿರಿಯವರು. ಈ ಜನ್ಮದಲ್ಲೂ ಮುಂದೆಯೂ ಒಬ್ಬರನ್ನೊಬ್ಬರು ಕಾಣುತ್ತಿರಬೇಕು ಎಂದು ಬುದ್ಧರ ಮುಂದೆ ಆಸೆ ಹೇಳಿಕೊಂಡವರು. ಹಾಗಾದರೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಈ ನಾಲ್ಕರಲ್ಲಿ ಇಬ್ಬರೂ ಸಮನಾಗಿರಿ ಎಂದು ಬುದ್ಧರು ಹೇಳಿದರು. ಮುಂದೊಮ್ಮೆ ನಕುಲಪಿತಾ ಕಾಯಿಲೆ ಬಿದ್ದು ಸಾಯುವ ಸ್ಥಿತಿ ಬಂದಾಗ ನಕುಲಮಾತಾ ಅವನ ಪಕ್ಕ ಕೂತು ಮಾತಾಡುತ್ತಾಳೆ. ‘ನಿನಗೆ ಏನೂ ಆಗುವುದಿಲ್ಲ’ ಎಂದು ಆಕೆ ಹೇಳುವುದಿಲ್ಲ. ಚಿಂತೆ ಇಟ್ಟುಕೊಂಡು ಸಾಯುವುದು ದುಃಖ ಎನ್ನುತ್ತಾಳೆ. ಹತ್ತಿ ನೂಲುವುದು, ಉಣ್ಣೆ ಹಿಂಜುವುದು ತನಗೆ ಬರುತ್ತದೆ, ಮಕ್ಕಳನ್ನು ಸಾಕುತ್ತೇನೆ, ಧಮ್ಮವನ್ನು ಬಿಡುವುದಿಲ್ಲ ಎಂದು ಒಂದೊಂದಾಗಿ ಎಣಿಸುತ್ತಾಳೆ. ಅವನ ಚಿಂತೆಯ ಗಂಟನ್ನು ಬಿಚ್ಚಿ ಒಂದೊಂದೇ ಸಾಮಾನು ಹೊರಗಿಡುತ್ತಾಳೆ. ಅವನು ಗುಣವಾಗಿ, ಕೋಲೂರಿಕೊಂಡು ಬುದ್ಧರ ಬಳಿ ಹೋಗುತ್ತಾನೆ. ಇಂಥ ಹಿತೈಷಿಣಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದು ಬುದ್ಧರು ಅವನಿಗೆ ಹೇಳುತ್ತಾರೆ.

ಇದನ್ನು ಇಬ್ಬರೂ ಒಟ್ಟಿಗೆ ಓದಿದೆವು. ಮರುದಿನ ನಾನೂ ನೇರವಾಗಿ ಹೇಳಿದೆ. ಪಂಪ್‌ಸೆಟ್ ಹಾಕಲು ಬರುತ್ತದೆ. ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ ಗೊತ್ತು. ಅಡಿಕೆ ಕೊನೆ ತೆಗೆಯುವವರ ಫೋನ್ ನಂಬರ್ ನನ್ನ ಹತ್ತಿರ ಇದೆ. ಭಾನುವಾರದ ಧ್ಯಾನ ಬಿಡುವುದಿಲ್ಲ. ಬರದಿರುವುದು ಒಂದೇ, ತೆರಿಗೆ ಕಾಗದ. ಅದನ್ನು ಈ ತಿಂಗಳು ಕಲಿಸಿಕೊಡಿ ಎಂದೆ. ಅವರು ನಕ್ಕರು. ಈಗ ಮಧ್ಯಾಹ್ನ ಅರ್ಧ ಗಂಟೆ ನಮ್ಮ ತೆರಿಗೆ ಪಾಠ.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಅವರ ಚೀಲ ಮಾತ್ರ ಸ್ವಲ್ಪ ಹಗುರಾಗಿದೆ. ಬೆಳಗ್ಗೆ ಜಗುಲಿಯಿಂದ ಬಾವಿಯವರೆಗೆ ನಲವತ್ತು ಹೆಜ್ಜೆ, ವಾಪಸು ನಲವತ್ತು. ಇವರು ಎಣಿಸುತ್ತಾರೆ, ನಾನು ಜೊತೆಗಿರುತ್ತೇನೆ. ಆಮೇಲೆ ಅರ್ಧ ಲೋಟ ಕಾಫಿ. ತುಂಬಾ ಹಾಕಿದರೆ ತುಳುಕುತ್ತದೆ, ಅದಕ್ಕೇ ಅರ್ಧರ್ಧ ಎರಡು ಸಲ. ಒಂದೆಲಗದ ತಂಬುಳಿ, ಸಂಜೆ ರೇಡಿಯೋ, ದೇವರ ಗೂಡಿನ ಪಕ್ಕ ಒಣಗಿಸಿಟ್ಟ ಸುರಗಿ ಹೂವಿನ ವಾಸನೆ. ಕವಲೇದುರ್ಗದ ಮೆಟ್ಟಿಲು ಹತ್ತುವಾಗ ಹೆಜ್ಜೆಯ ಮೇಲೆ ಇದ್ದ ಗಮನವೇ ಈ ನಲವತ್ತು ಹೆಜ್ಜೆಗೂ ಬೇಕು. ದೂರ ಕಡಿಮೆಯಾಗಿದೆ, ಅಭ್ಯಾಸ ಕಡಿಮೆಯಾಗಿಲ್ಲ.

*ಇಂದಿನ ಅಭ್ಯಾಸ*

🌼 ಇವತ್ತು ಊಟಕ್ಕೆ ಕೂತಾಗ ಬಡಿಸಿದವರಿಗೆ ಸುಲಭದ ಅತಿಥಿಯಾಗಿ. ಇಲ್ಲದ್ದನ್ನು ಕೇಳಬೇಡಿ, ಇದ್ದದ್ದನ್ನು ಗಮನವಿಟ್ಟು ಉಣ್ಣಿ.

🌼 ಮನಸ್ಸಿನಲ್ಲಿ ಹೊತ್ತಿರುವ ಒಂದು ಚಿಂತೆಯನ್ನು ತೆಗೆದು ನೋಡಿ. ಅದು ರೆಕ್ಕೆಯೋ, ಹೊರೆಯೋ?

🌼 ‘ಸಾಕು’ ಎನ್ನುವ ಮಾತನ್ನು ಇವತ್ತು ನಿಮಗೆ ಮಾತ್ರ ಹೇಳಿಕೊಳ್ಳಿ. ಬೇರೆಯವರ ಕೊರತೆ ಕಂಡರೆ ಏನು ಬೇಕು ಎಂದು ಕೇಳಿ.

🌼 ಮನೆಯಲ್ಲಿ ಯಾರಿಗಾದರೂ ನಿಮ್ಮ ಬಗ್ಗೆ ಚಿಂತೆ ಇದ್ದರೆ, ‘ಏನೂ ಆಗುವುದಿಲ್ಲ’ ಎಂದು ತೇಲಿಸಬೇಡಿ. ನಿಮಗೆ ಬರುವ ಕೆಲಸಗಳನ್ನು ಒಂದೊಂದಾಗಿ ಎಣಿಸಿ ಹೇಳಿ. ಬರದಿರುವುದನ್ನು ಕಲಿಸಿಕೊಡಲು ಕೇಳಿ.

ನಾಳೆಯ ಚಿಂತನೆಗೆ ನಕುಲಪಿತಾನ ಇನ್ನೊಂದು ಸುತ್ತ ನೋಡೋಣ: ವಯಸ್ಸಾದ ನಕುಲಪಿತಾನಿಗೆ, ದೇಹ ಕಾಯಿಲೆ ಬಿದ್ದರೂ ಮನಸ್ಸು ಕಾಯಿಲೆ ಬೀಳದಂತಿರಬೇಕು ಎಂದು ಬುದ್ಧರು ಹೇಳಿದ್ದು.

ಎಲ್ಲ ಜೀವಿಗಳೂ ಸುಖವಾಗಿರಲಿ, ನಿರ್ಭಯವಾಗಿರಲಿ. ಎಲ್ಲರಿಗೂ ಮಂಗಳವಾಗಲಿ 🙏