ಅತ್ತೆಯ ಪಾವು ಎಷ್ಟು ಗ್ರಾಂ?

ನಮ್ಮತ್ತೆ ಕುಣಿಗಲ್ ಕಡೆಯವರು. ಅವರ ಸಾರಿನ ಪುಡಿಯ ಲೆಕ್ಕವೆಲ್ಲ ಪಾವು, ಅಚ್ಚೇರು, ಚಟಾಕಿನಲ್ಲಿ. ಗುಬ್ಬಿಯ ಮನೆಯಲ್ಲಿ ಅದೇ ಪುಡಿ ಮಾಡಿ ತುಮಕೂರಿನ ಅಂಗಡಿಗಳಿಗೆ ಕೊಡಲು ಶುರು ಮಾಡಿದ ಮೇಲೆ ನನಗೆ ಗ್ರಾಂ ಲೆಕ್ಕ ಬೇಕಾಯಿತು. ಪೊಟ್ಟಣದ ಮೇಲೆ ತೂಕ ನಮೂದಿಸಬೇಕೆಂಬ ಕಾನೂನು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅತ್ತೆ ಪಕ್ಕದಲ್ಲಿ ಇಲ್ಲದ ದಿನವೂ ಅವರ ಕೈರುಚಿಯೇ ಬರಬೇಕೆಂಬ ಆಸೆ.

1956ರ ತೂಕ ಮತ್ತು ಅಳತೆ ಕಾಯ್ದೆಯಿಂದ ಅಂಗಡಿಗಳಿಗೆ ಕಿಲೋ ಬಂತು, ಆದರೆ ಅಡುಗೆಮನೆಯ ಪಾವು ಜಾಗ ಬಿಡಲಿಲ್ಲ. ಕಡ್ಲೆಪುರಿ ಮಾರುವವರು ಈಗಲೂ ಸೇರಿನಲ್ಲೇ ಅಳೆದು ಹಾಕುತ್ತಾರೆ. ಒಂದು ಸೇರು ಪುರಿಯನ್ನೂ ಒಂದು ಸೇರು ಅಕ್ಕಿಯನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದವರಿಗೆ ಅಳತೆ ಬೇರೆ, ತೂಕ ಬೇರೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೊದಲು ಪಾವನ್ನೇ ಅಳೆಯಬೇಕು. ಪಾವಿನ ತುಂಬ ನೀರು ಹಾಕಿ, ಆ ನೀರನ್ನು ತೂಗಿದರೆ ಎಷ್ಟು ಗ್ರಾಂ ಬರುತ್ತದೋ ಅಷ್ಟು ಮಿಲಿಲೀಟರ್. ನಮ್ಮದು ಹೆಚ್ಚುಕಮ್ಮಿ 250. ಪಕ್ಕದ ಮನೆಯ ಹಳೇ ಪಾವು ಇಷ್ಟೇ ಇರುತ್ತದೆ ಅನ್ನುವ ಹಾಗಿಲ್ಲ. ಆದ್ದರಿಂದ ಎಲ್ಲೋ ಅಚ್ಚಾದ ಕಪ್ಪು-ಗ್ರಾಂ ಪಟ್ಟಿಯನ್ನು ನಾನು ನೆಚ್ಚುವುದಿಲ್ಲ.

ಆಮೇಲೆ ಅಳೆಯುವ ಕೈ. ಅತ್ತೆಯನ್ನೇ ಕೂರಿಸಿ ಅಳೆಸಿದೆ. ಧನಿಯವನ್ನು ಪಾವಿನ ಬಾಯಿ ಮೀರಿ ತುಂಬಿದರು, ಕಾಳು ನಾಲ್ಕೂ ಕಡೆ ಉದುರುತ್ತಿತ್ತು. ಕಡ್ಲೆಬೇಳೆಯನ್ನು ಮಾತ್ರ ಅಂಗೈಯಿಂದ ಮಟ್ಟಸವಾಗಿ ಸವರಿದರು. ಕೇಳಿದರೆ, "ಧನಿಯ ಗೋಪುರ ಬರೋ ಹಂಗೆ ಹಾಕ್ಬೇಕು ಕಣಮ್ಮ, ಬೇಳೆ ಸವರ್ಬೇಕು" ಅಂದರು. ಬಾಯಲ್ಲಿ ಎರಡೂ "ಒಂದು ಪಾವು" ತಾನೇ! ತೂಗಿದರೆ ಗೋಪುರದ ಧನಿಯ 100 ಗ್ರಾಂ ಆಸುಪಾಸು, ಸವರಿದ ಬೇಳೆ 200ರ ಮೇಲೆ. ನಾಲ್ಕು ಪಾವು ಧನಿಯಕ್ಕೆ ಒಂದು ಪಾವು ಬೇಳೆ ಅನ್ನುವುದು ತೂಕದಲ್ಲಿ ಎರಡಕ್ಕೆ ಒಂದಾಗುತ್ತದೆ. ಪಾವಿನ ಅಂಕಿಯನ್ನು ಹಾಗೇ ಕಿಲೋಗೆ ಇಳಿಸಿ ಮಂಡಿಪೇಟೆಯಿಂದ ಸಾಮಾನು ತಂದರೆ ಆ ಸಾರು ನಮ್ಮನೆಯದಾಗಿರುವುದಿಲ್ಲ.

ಒಣಮೆಣಸಿನಕಾಯಿ ಪಾವಿಗೆ ಬಗ್ಗುವುದಿಲ್ಲ. ಅತ್ತೆಯ ಹಿಡಿಯನ್ನು ಬೇರೆ ಬೇರೆ ದಿನ ತೂಗಿ ಸರಾಸರಿ ಹಿಡಿದೆ. ತೊಟ್ಟು ಬಿಡಿಸಿದ ಮೇಲಿನ ತೂಕ ಅದು, ಬ್ಯಾಡಗಿಗೂ ಗುಂಟೂರಿಗೂ ಬೇರೆ ಬೇರೆ. ಹಿಟ್ಟುಗಳದ್ದು ಇನ್ನೊಂದು ಪಾಡು. ಮಿಲ್‌ನಿಂದ ಬಿಸಿಬಿಸಿ ತಂದ ರಾಗಿಹಿಟ್ಟು ಪಾವಿಗೆ 130 ಗ್ರಾಂ ತೂಗಿದರೆ, ಡಬ್ಬದಲ್ಲಿ ತಟ್ಟಿ ಕೂತ ಅದೇ ಹಿಟ್ಟು 160 ದಾಟುತ್ತದೆ. ಕಲ್ಲುಪ್ಪಿನ ಚಮಚಕ್ಕೆ ಪುಡಿ ಉಪ್ಪಿನ ಚಮಚ ಸಮನಲ್ಲ, ಪುಡಿ ಉಪ್ಪು ಹೆಚ್ಚು ತೂಗುತ್ತದೆ. ಇಂಗು, ಲವಂಗದಂಥವನ್ನು ಒಂದೊಂದೇ ಚಮಚ ತೂಗಿದರೆ ಸಣ್ಣ ತಕ್ಕಡಿಗೆ ಸರಿಯಾಗಿ ಸಿಗದು. ಹತ್ತು ಚಮಚ ತೂಗಿ ಹತ್ತರಿಂದ ಭಾಗಿಸುತ್ತೇನೆ.

ಎಣ್ಣೆ ಸುಲಭ: ಲೀಟರಿಗೆ 910 ಗ್ರಾಂ ಅಂತ ಪ್ಯಾಕೆಟ್ ಮೇಲೇ ಇರುತ್ತದೆ. ಹಾಲಿಗೆ "ಒಂದು ಪ್ಯಾಕೆಟ್" ಅಂತ ಬರೆದಿಡಬೇಡಿ. ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ 2024ರ ಜೂನ್‌ನಲ್ಲಿ 550 ಮಿಲಿ ಆಗಿ, 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಬಂತು. ಆ ನಡುವೆ ಬರೆದಿಟ್ಟ ಪಾಯಸಕ್ಕೆ ಈಗ ಹಾಲು ಸಾಲುವುದಿಲ್ಲ.

ಮನೆ ಲೆಕ್ಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಮಾರುವ ಪೊಟ್ಟಣಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ತಕ್ಕಡಿಯೇ ಬೇಕು. ನನ್ನ ಲೆಕ್ಕದ ಪುಸ್ತಕದಲ್ಲಿ ಪ್ರತಿ ತೂಕದ ಪಕ್ಕ ಹುರಿಯುವ ಮೊದಲೋ, ಹುರಿದ ಮೇಲೋ ಎಂದು ಬರೆಯುತ್ತೇನೆ, ಬಾಣಲೆಯಲ್ಲಿ ತೇವ ಆರಿದಷ್ಟೂ ತೂಕ ಇಳಿಯುತ್ತದೆ. ಅದರ ಪಕ್ಕ ಇನ್ನೊಂದು ಕಾಲಂ ಇದೆ: ಗೋಪುರ, ಅಥವಾ ಸವರಿದ್ದು.