ಅಲುಗದ ಮುಖ ಅಳುವುದು ಹೇಗೆ?

ಜಪಾನಿನಲ್ಲಿ ‘ನೋ’ ಎಂಬ ನಾಟಕ ಕಲೆ ಇದೆ. ಸುಮಾರು 600 ವರ್ಷ ಹಳೆಯದು. ಅದರಲ್ಲಿ ಹೆಣ್ಣಿನ ಪಾತ್ರಕ್ಕೆ ಮರದ ಮುಖವಾಡ ಹಾಕುತ್ತಾರೆ. ಮುಖವೇ ಕಾಣದಿದ್ದರೆ ಅಭಿನಯ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ.

ಎಳೆ ಹೆಣ್ಣಿನ ಮುಖವಾಡಕ್ಕೆ ‘ಕೊಒಮೊತೆ’ ಎಂದು ಹೆಸರು. ಹಿನೋಕಿ ಎಂಬ ಮರದಲ್ಲಿ ಕೆತ್ತಿ ಬಿಳಿ ಬಣ್ಣ ಬಳಿದಿರುತ್ತಾರೆ. ಹುಬ್ಬು ಹಣೆಯ ಮೇಲ್ಗಡೆ, ಹಲ್ಲು ಕಪ್ಪು. ಆ ಕಾಲದ ಚೆಲುವು ಅದು! ಈ ಮುಖ ಪೂರ್ತಿ ನಗುವುದೂ ಇಲ್ಲ, ಅಳುವುದೂ ಇಲ್ಲ. ಗುಟ್ಟು ಇರುವುದೇ ಇಲ್ಲಿ. ನಟಿ ತಲೆಯನ್ನು ತುಸು ಮೇಲೆತ್ತಿದರೆ ಕೆತ್ತನೆಯ ಉಬ್ಬುತಗ್ಗುಗಳ ಮೇಲೆ ಬೆಳಕು ಬಿದ್ದು ಮುಖ ಅರಳುತ್ತದೆ. ತುಸು ಬಗ್ಗಿಸಿದರೆ ನೆರಳು ಕವಿದು ದುಃಖ ಕಾಣುತ್ತದೆ. ಇದಕ್ಕೆ ಅವರ ಮಾತಿನಲ್ಲಿ ‘ಮೋಡ ಕವಿಸುವುದು’ ಅಂತಲೇ ಹೆಸರು. ಜಾತ್ರೆಯಲ್ಲಿ ಕೊಂಡ ಗೊಂಬೆಯನ್ನು ದೀಪದ ಕೆಳಗೆ ಹಿಡಿದು ಬಗ್ಗಿಸಿ ನೋಡಿ, ಗೊತ್ತಾಗುತ್ತೆ. ಕತ್ತು ಜಾಸ್ತಿ ಅಲ್ಲಾಡಿಸಿದರೆ ಮಾತ್ರ ಕೆಟ್ಟಿತು, ಬರೀ ಮರ ಕಾಣುತ್ತದೆ.

ನಟಿ ಎಂದೆನಲ್ಲ, ನೂರಾರು ವರ್ಷ ಈ ಹೆಣ್ಣುಮುಖವನ್ನು ವೃತ್ತಿಯಾಗಿ ಹಾಕಿದವರು ಗಂಡಸರೇ. ವೃತ್ತಿ ಕಲಾವಿದರ ಸಂಘಕ್ಕೆ ಹೆಂಗಸರನ್ನು ಸೇರಿಸಿಕೊಂಡದ್ದು 1948ರಲ್ಲಿ. ಹೆಣ್ಣಿನ ದನಿ ಆ ಹಾಡಿಕೆಗೆ ಒಗ್ಗದು ಅನ್ನುವ ವಾದವಿತ್ತು. ಹೆಣ್ಣಿನ ಮುಖ ಹಾಕಲು ಹೆಣ್ಣಿಗೇ ಅಡ್ಡಿ! ಇದು ಯಾವ ನ್ಯಾಯವೋ ನನಗೆ ತಿಳಿಯದು.

ಮುಖವಾಡದ ಕಣ್ಣಿನ ತೂತು ಬಹಳ ಸಣ್ಣದು. ರಂಗದ ಕಂಬಗಳನ್ನು ನೋಡಿಕೊಂಡೇ ಆಕೆ ದಾರಿ ತಿಳಿಯಬೇಕು, ಪಾದ ಎತ್ತದೆ ಜಾರಿಸುತ್ತ ನಡೆಯಬೇಕು. ಅಳುವಾಗ ಕಣ್ಣು ಒರೆಸಿಕೊಳ್ಳುವುದಿಲ್ಲ. ಕೈಯನ್ನು ನಿಧಾನವಾಗಿ ಕಣ್ಣ ಮುಂದೆ ತಂದು ಹಿಡಿಯುತ್ತಾಳೆ, ಮುಖವನ್ನು ಮುಟ್ಟುವುದೇ ಇಲ್ಲ.